ಐಲಾ ಕೊಸ್ಕೆಲಾ ಅವರ ಅಳತೆಕೋಲು

ನಮ್ಮ ಹ್ಯಾರೋ ಕ್ರೀಕ್ ಊರಿನಲ್ಲಿ ಯಾರಿಗಾದರೂ ಸ್ಯಾಸ್ಕ್ವಾಚ್ ಕಂಡರೆ ಅವರು ಮೊದಲು ಹೆಂಡತಿಗೆ ಹೇಳುವುದಿಲ್ಲ, ಪೊಲೀಸರಿಗೂ ಹೇಳುವುದಿಲ್ಲ. ಎರಡು ದಿನ ಮುಖ ಗಂಟಿಕ್ಕಿಕೊಂಡು ತಿರುಗಿ, ಮೂರನೆಯ ದಿನ ಐಲಾ ಕೊಸ್ಕೆಲಾ ಅವರ ಅಡುಗೆಮನೆಯ ಹಿಂಬಾಗಿಲು ತಟ್ಟುತ್ತಾರೆ. ಐಲಾ ಕಾಫಿ ಬಗ್ಗಿಸುತ್ತಾರೆ. ಏಲಕ್ಕಿ ಹಾಕಿ ಜಡೆಯಂತೆ ಹೆಣೆದು ಬೇಯಿಸಿದ ಬ್ರೆಡ್ಡನ್ನು ಕೊಯ್ದಿಡುತ್ತಾರೆ. ಆಮೇಲೆ ಅಂಗೈಯಗಲದ ಕಾರ್ಡೊಂದನ್ನು ಎಳೆದುಕೊಂಡು, "ಕಾಲಲ್ಲಿ ಏನು ಹಾಕ್ಕೊಂಡಿದ್ರಿ?" ಎನ್ನುತ್ತಾರೆ.

ಬಂದವರು ತಬ್ಬಿಬ್ಬಾಗುತ್ತಾರೆ. ಎಂಟಡಿ ಎತ್ತರದ, ಮೈತುಂಬ ಕೂದಲಿನ, ನಮ್ಮ ಹಾಗೆ ಎರಡೇ ಕಾಲಲ್ಲಿ ರಸ್ತೆ ದಾಟಿ ಕಾಡು ಸೇರಿದ ಆಕೃತಿಯ ವಿಷಯ ಹೇಳಲು ಅವರು ಬಂದಿರುತ್ತಾರೆ, ಈಕೆ ಬೂಟಿನ ವಿಚಾರ ತೆಗೆಯುತ್ತಾರೆ. ಐಲಾ ಮಾತ್ರ ಜಗ್ಗುವುದಿಲ್ಲ. ಕಾಲಲ್ಲಿ ಏನಿತ್ತು ಎಂಬುದು ನೆನಪಿರುವವನಿಗೆ ನಿಂತ ಜಾಗ ನೆನಪಿರುತ್ತದೆ, ನಿಂತ ಜಾಗ ನೆನಪಿರುವವನಿಗೆ ದೂರ ನೆನಪಿರುತ್ತದೆ ಎಂದು ಅವರ ವಾದ. ಅದೂ ಅಲ್ಲದೆ ಕೆಸರಿನಲ್ಲಿ ಹೆಜ್ಜೆ ಹುಡುಕುವಾಗ ನೋಡಿದವನ ಹೆಜ್ಜೆ ಯಾವುದು, ನೋಡಿಸಿಕೊಂಡವನದು ಯಾವುದು ಎಂದು ಬೇರೆ ಮಾಡಬೇಕಲ್ಲ.

ಐಲಾ ಮೂವತ್ತೊಂದು ವರ್ಷ ಇಲ್ಲಿನ ಸಾಮಿಲ್ಲಿನಲ್ಲಿ ನಾಟಾ ಅಳೆಯುವ ಕೆಲಸ ಮಾಡಿದವರು. ಲಾರಿಯಿಂದ ಉರುಳಿದ ದಿಮ್ಮಿಗೆ ಅಳತೆಕೋಲು ಹಿಡಿದು ಗಾತ್ರ ಬರೆಯುವುದು, ಆಮೇಲೆ ಅದರ ಟೊಳ್ಳು, ಬಿರುಕು, ಕೊಳೆತ ಭಾಗ ಇಷ್ಟಿಷ್ಟು ಎಂದು ಕಳೆಯುವುದು. ದಿಮ್ಮಿ ತಂದವನು ಹೇಳಿದ್ದನ್ನು ಒಮ್ಮೆಯೂ ಬರೆದವರಲ್ಲ. ಸ್ಯಾಸ್ಕ್ವಾಚ್ ಕಾರ್ಡುಗಳಲ್ಲೂ ಅದೇ ಪದ್ಧತಿ. ಪ್ರತಿ ಕಾರ್ಡಿನಲ್ಲಿ ಎರಡು ಎತ್ತರ ಇರುತ್ತವೆ: ಹೇಳಿದ್ದು ಮತ್ತು ಉಳಿದದ್ದು. ಹೆದರಿಕೆಗೆ ಒಂದಡಿ ಕಳೆಯುತ್ತಾರೆ. ಮುಸ್ಸಂಜೆಗೆ ಅರ್ಧ ಅಡಿ. ನೋಡಿದವನು ಇಳಿಜಾರಿನ ಕೆಳಗಿದ್ದರೆ ಇನ್ನೊಂದು ಅರ್ಧ. ಮೂರು ಬಿಯರಿನ ಮೇಲೆ ಹೋಗಿದ್ದರೆ ಕಾರ್ಡನ್ನೇ ಬರೆಯುವುದಿಲ್ಲ, ಬ್ರೆಡ್ಡು ಕಟ್ಟಿಕೊಟ್ಟು ಕಳಿಸುತ್ತಾರೆ. ಬೆಳಕಿದ್ದಾಗ ಅದೇ ಜಾಗಕ್ಕೆ ಆ ವ್ಯಕ್ತಿಯನ್ನು ಕರೆದೊಯ್ದು, ಮರಕ್ಕೆ ಕೋಲು ಒರಗಿಸಿ, "ತಲೆ ಎಲ್ಲಿಗಿತ್ತು? ಇಲ್ಲಿಗಾ? ಕೈ ತೋರ್ಸಿ" ಎಂದು ಅಳೆದ ಮೇಲೆಯೇ ಕಾರ್ಡು ಮುಗಿಯುವುದು.

ಕಾರ್ಡುಗಳಿರುವುದು ನಾಲ್ಕು ಬೂಟಿನ ಡಬ್ಬಿಗಳಲ್ಲಿ. ಮೇಲೆ ದಪ್ಪಕ್ಷರದಲ್ಲಿ ಬರೆದಿದೆ: ಕರಡಿ, ಕಣ್ಣಿನ ಮೋಸ, ಕುಚೋದ್ಯ, ಉಳಿದದ್ದು. ಒಟ್ಟು ಆರುನೂರ ಹನ್ನೆರಡರಲ್ಲಿ ಕೊನೆಯ ಡಬ್ಬಿಯಲ್ಲಿದ್ದವು ನಲವತ್ತಮೂರು. ಎಷ್ಟು ಕಳೆದರೂ ಕಳೆಯದೆ ಉಳಿದವು. ಆ ನಲವತ್ತಮೂರರ ನಡತೆಯನ್ನು ಐಲಾ ಒಂದು ದೊಡ್ಡ ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ ಓದುತ್ತಾರೆ. ಎಲ್ಕ್ ಜಿಂಕೆಗಳ ಹಿಂಡು ಇಳಿಯುವ ದಾರಿಯಲ್ಲೇ ಅವು ಯಾಕೆ ಸಾಲಾಗಿವೆ, ಕಲ್ಲೆಸೆದ ವರದಿಗಳೆಲ್ಲ ಹಕಲ್‌ಬೆರಿ ಹಣ್ಣಾಗುವ ತಿಂಗಳಲ್ಲೇ ಯಾಕೆ, ಮರಕ್ಕೆ ಮರ ಬಡಿದ ಸದ್ದು ಕೇಳಿದ ಹನ್ನೊಂದು ಜನರಲ್ಲಿ ಎಂಟು ಜನ ಒಂಟಿಯಾಗಿದ್ದರು ಯಾಕೆ. ಉತ್ತರ ಗೊತ್ತೆಂದು ಅವರು ಯಾವತ್ತೂ ಹೇಳಿದ್ದಿಲ್ಲ. ನದಿಯ ಕೆಳಗಿನ ಊರಲ್ಲಿ, ಈ ಕಾಡು ಮೊದಲು ಯಾರದಾಗಿತ್ತೋ ಆ ಮೂಲನಿವಾಸಿ ಜನರ ಹಿರಿಯಳೊಬ್ಬಳನ್ನು ಕೇಳಲು ಹೋದಾಗ ಆಕೆ ಸಾಲ್ಮನ್ ಮೀನು ತಿನ್ನಿಸಿ, ಹವಾಮಾನದ ಮಾತಾಡಿ ಕಳಿಸಿದಳಂತೆ. ಆ ಕಾರ್ಡಿನಲ್ಲಿ ಇಷ್ಟೇ ಇದೆ: "ಕೇಳಿದೆ. ಹೇಳಲಿಲ್ಲ. ಅವರಿಷ್ಟ."

ನಾನು ಸಿಯಾಟಲ್‌ನಲ್ಲಿ ಓದಿ ಬೆಳೆದವಳು. ಮರ ಕಡಿಯುವ ವೇಡ್‌ನನ್ನು ಮದುವೆಯಾಗಿ ಈ ಊರಿಗೆ ಬಂದು ಏಳು ವರ್ಷವಾಯಿತು. ಮಗಳು ಟೆಸ್ ಹುಟ್ಟಿದ ಮೇಲೆ ನನಗೆ ಹಿತ್ತಲ ಕಾಡಿನದೇ ಚಿಂತೆ. ಕೂಸು ಅಂಬೆಗಾಲಿಡುವಾಗಲೇ ಐಲಾ ಅವರ ಬಳಿ ಹೋಗಿ, "ಇದು ಮಕ್ಕಳಿಗೆ ಏನಾದ್ರೂ ಮಾಡತ್ತಾ?" ಎಂದು ಕೇಳಿದ್ದೆ. ಅವರು ನಗಲಿಲ್ಲ. ಡಬ್ಬಿ ತೆಗೆದು ಅರ್ಧ ಗಂಟೆ ಹುಡುಕಿದರು.

"ಮಗೂನ ಮುಟ್ಟಿದ ಕಾರ್ಡು ಒಂದೂ ಇಲ್ಲ ಕಣಮ್ಮಾ," ಎಂದರು. "ನಾಯಿ ಕಚ್ಚಿದ್ದು ಬೇಕಾದ್ರೆ ಈ ಬೀದೀಲೇ ನಾಲ್ಕಿದೆ."

ಅವತ್ತಿನಿಂದ ಅವರ ಮನೆಗೆ ನನ್ನ ಓಡಾಟ. ಟೆಸ್ ಅವರನ್ನು ಮುಮ್ಮೋ ಎನ್ನುತ್ತಾಳೆ. ಇಲ್ಲಿನ ಫಿನ್ನಿಶ್ ಮನೆಗಳಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ.

ಉಳಿದದ್ದು ಎಂಬ ಡಬ್ಬಿಯ ಮೊದಲ ಕಾರ್ಡು ಐಲಾ ಅವರ ತಂದೆ ತೋಯ್ವೋ ಅವರದು. 1958ರ ಅಕ್ಟೋಬರ್. ಮರ ಕಡಿಯುವ ಶಿಬಿರದಲ್ಲಿ, ದಿಮ್ಮಿ ರಾಶಿ ಹಾಕುವ ಬಯಲಿನಲ್ಲಿ, ಬೆಳಗಿನ ಕೆಸರಿನಲ್ಲಿ ಬರಿಗಾಲಿನ ಹದಿನೇಳು ಹೆಜ್ಜೆ ಅವರಿಗೆ ಕಂಡವು. ಒಂದೊಂದೂ ಹದಿನಾರು ಅಂಗುಲ. ಮನೆಯ ಗೋಡೆಗೆಂದು ತಂದಿದ್ದ ಪ್ಲಾಸ್ಟರನ್ನು ಕಲಸಿ ಒಂದು ಹೆಜ್ಜೆಗೆ ಸುರಿದು ಅಚ್ಚು ತೆಗೆದರು. ಶಿಬಿರದವರು ಮೊದಲು ಬಾಯಿ ಬಿಟ್ಟು ನೋಡಿದರು, ಆಮೇಲೆ ನಕ್ಕರು, ವಾರದೊಳಗೆ ತೋಯ್ವೋನೇ ಮರದ ಪಾದ ಕೆತ್ತಿ ಒತ್ತಿದ್ದಾನೆ ಎಂಬ ಮಾತು ಹಬ್ಬಿತು. ಹಬ್ಬಿಸಿದವರಲ್ಲಿ ಮುಂದಾಳು ಓರ್ವಿಲ್ ಎಂಬ ಇಪ್ಪತ್ತೆರಡರ ಹುಡುಗ. ಐಲಾ ಅವರ ಏಳನೆಯ ಹುಟ್ಟುಹಬ್ಬದ ದಿನ ಯಾರೋ ಅವರ ಅಂಗಳದ ತುಂಬ ಹಲಗೆಯ ಪಾದಗಳನ್ನು ಒತ್ತಿ ಹೋಗಿದ್ದರಂತೆ. ತೋಯ್ವೋ ಅವುಗಳನ್ನು ಗುದ್ದಲಿಯಿಂದ ಒಂದೊಂದಾಗಿ ಮುಚ್ಚಿದರು. ಸಾಯುವತನಕ ಅವರು ಹೇಳಿದ್ದು ಒಂದೇ ಮಾತು, "ಅಲ್ಲಿ ಏನೋ ನಡ್ಕೊಂಡು ಹೋಗಿತ್ತು. ನಾನು ಮಾಡಿದ್ದಲ್ಲ."

ಆ ಅಚ್ಚು ಐಲಾ ಅವರ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಗೋಡೆಯಲ್ಲಿತ್ತು. ಪುಡಿಯಾಗದಿರಲೆಂದು ಅವರ ತಾಯಿ ವರ್ಷ ವರ್ಷ ಕಿಟಕಿಗೆ ಬಳಿಯುವಾಗ ಅದಕ್ಕೂ ಒಂದು ಕೈ ನೀಲಿ ಬಣ್ಣ ಬಳಿಯುತ್ತಿದ್ದರು. ಕಾರ್ಡು ಸಂಗ್ರಹ ಹುಟ್ಟಿದ್ದೇ ಅದರಿಂದ. ಬೇರೆಯವರಿಗೂ ಕಂಡಿದ್ದರೆ ಅಪ್ಪ ಸುಳ್ಳನಲ್ಲ ಎಂಬ ಹಟ.

ಈ ಊರಿಗೆ ನೂರು ವರ್ಷ ತುಂಬುವ ಹಬ್ಬ ಬಂತು. ಸಮುದಾಯ ಭವನದ ಗೋಡೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆ ಅಚ್ಚನ್ನಿಟ್ಟು, ಕೆಳಗೆ ಹಿತ್ತಾಳೆ ಫಲಕದಲ್ಲಿ ಸ್ಯಾಸ್ಕ್ವಾಚ್ ಹೆಜ್ಜೆ ಕಂಡವರು ಎಂದು ತೋಯ್ವೋ ಅವರ ಹೆಸರು ಕೆತ್ತಿಸುವುದೆಂದು ಸಮಿತಿ ಒಪ್ಪಿತು. ಹನ್ನೊಂದು ವರ್ಷ ಅರ್ಜಿ ಹಾಕಿ ಹಾಕಿ ಐಲಾ ಒಪ್ಪಿಸಿದ್ದು. ಯಾವ ಊರು ಅಪ್ಪನನ್ನು ನೋಡಿ ನಕ್ಕಿತೋ ಅದೇ ಊರಿನ ಗೋಡೆಯಲ್ಲಿ ಅಪ್ಪನ ಹೆಸರು. ಫಲಕ ಸಿದ್ಧವಾಗಿ ಬಂದೂ ಆಗಿತ್ತು.

ಹಬ್ಬಕ್ಕೆ ಒಂಬತ್ತು ದಿನ ಇರುವಾಗ, ಬೆಳಿಗ್ಗೆ ಟೆಸ್ ಹಿತ್ತಲಿನಿಂದ ಓಡಿ ಬಂದಳು.

"ಅಮ್ಮಾ, ಯಾರೋ ದೊಡ್ಡೋರು ಬಂದಿದ್ರು. ಬರಿಗಾಲಲ್ಲಿ. ಶೀತ ಆಗಲ್ವಾ ಅವ್ರಿಗೆ?"

ನನ್ನ ಕೈಯಲ್ಲಿದ್ದ ಹಾಲಿನ ಲೋಟ ಸಿಂಕಿಗೆ ಬಿತ್ತು. ಸೇಬಿನ ಮರದಡಿ ಕೆಸರಿನಲ್ಲಿ ಉದ್ದನೆಯ ಪಾದ, ಐದು ಬೆರಳು. ಮಗಳನ್ನು ಎತ್ತಿಕೊಂಡು ಒಳಗೆ ಓಡಿ, ಎಲ್ಲ ಬಾಗಿಲಿಗೂ ಚಿಲಕ ಹಾಕಿ, ಐಲಾ ಅವರಿಗೆ ಫೋನ್ ಮಾಡಿದೆ. ಅವರು ಬಂದು ಕೇಳಿದ್ದು ನನ್ನ ಕಾಲಲ್ಲಿ ಏನಿತ್ತು ಎಂದು. ಸ್ಲಿಪ್ಪರ್ ಎಂದೆ. ಬರೆದುಕೊಂಡರು.

ವೇಡ್ ಕೆಲಸಕ್ಕೆ ಹೊರಟವನು ಬೇಲಿಯ ಬಳಿ ನಿಂತು ನಗುತ್ತಿದ್ದ. ಬೆರಳುಗಳ ಮುಂದೆ ಕೆಸರಿನಲ್ಲಿ ಸಣ್ಣ ಸಣ್ಣ ತೂತುಗಳಿದ್ದವು.

"ಐಲಾ, ಆ ತೂತು ಬಿಟ್ಟುಬಿಡಿ. ಅದು ನನ್ನ ಬೂಟಿನ ಮೊಳೆ," ಎಂದ. "ನಿನ್ನೆ ಸೌದೆ ಹೊತ್ಕೊಂಡು ಇಲ್ಲೇ ಓಡಾಡಿದೀನಿ."

ಇಲ್ಲಿ ಮರ ಕಡಿಯುವವರೆಲ್ಲ ಹಾಕುವುದು ಮೊಳೆಬೂಟು. ಒದ್ದೆ ದಿಮ್ಮಿಯ ಮೇಲೆ ಜಾರದಿರಲೆಂದು ಅಟ್ಟೆಗೆ ಚೂಪು ಮೊಳೆ ಹೊಡೆದಿರುತ್ತದೆ. ಅವರು ನಡೆದ ಕಡೆಯೆಲ್ಲ ನೆಲಕ್ಕೆ ಸಿಡುಬು ಬಂದಂತಿರುತ್ತದೆ. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

"ನಿನ್ನ ಬೂಟು ಬಿಚ್ಚಿ ಕೊಡು ಮಾರಾಯ," ಎಂದರು ಐಲಾ.

"ಈ ಚಳೀಲಾ?"

"ಚಳಿಗೆ ಅಂತ ಏನೂ ಕಳೆಯಲ್ಲ ನಾನು. ಕೊಡು."

ಬೂಟನ್ನು ಹೆಜ್ಜೆಯ ಪಕ್ಕದಲ್ಲಿ ಒತ್ತಿದರು. ಇಪ್ಪತ್ತಕ್ಕೂ ಹೆಚ್ಚು ತೂತು ಬಿದ್ದವು, ಸಾಲು ಸಾಲಾಗಿ. ಹೆಜ್ಜೆಯ ಮುಂದಿದ್ದದ್ದು ಐದೇ ಐದು, ಕಮಾನಿನಂತೆ.

"ಒಂದೊಂದು ಬೆರಳಿನ ಮುಂದೆ ಒಂದೊಂದು," ಎಂದರು. "ನಿನ್ನ ಬೂಟು ಬೆರಳು ಎಣಿಸ್ಕೊಂಡು ನಿಂತಿತ್ತಾ?"

ವೇಡ್ ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಬಗ್ಗಿ ನೋಡಿದ. "ಉಗುರು!"

"ಉಗುರು. ಕರಡಿ ನಡೆಯುವಾಗ ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬೀಳತ್ತೆ. ಎರಡೂ ಸೇರಿ ಒಂದು ಉದ್ದ ಪಾದ. ನೋಡಿಲ್ಲಿ, ನಡುವೆ ಮಡಿಕೆ. ದೊಡ್ಡ ಬೆರಳು ಹೊರಗಡೆಗಿದೆ. ಬಿದ್ದ ಸೇಬು ತಿನ್ನೋಕೆ ಬಂದಿದೆ ಅಷ್ಟೆ."

"ಅಷ್ಟೆ ಅಂದ್ರೆ?" ನನ್ನ ದನಿ ನನಗೇ ಕೀಚಲಾಗಿ ಕೇಳಿತು. "ಕರಡಿ ಐಲಾ! ಸ್ಯಾಸ್ಕ್ವಾಚ್ ಆಗಿದ್ರೇ ವಾಸಿಯಿತ್ತು, ನಿಮ್ಮ ಡಬ್ಬೀಲಿ ಅದು ಯಾರನ್ನೂ ಮುಟ್ಟಿಲ್ಲ!"

ವೇಡ್ ಬಿದ್ದು ಬಿದ್ದು ನಕ್ಕ. ಐಲಾ ನಗಲಿಲ್ಲ. ಸೇಬನ್ನೆಲ್ಲ ಆರಿಸಿಬಿಡಿ, ಕಸದ ಡಬ್ಬಿ ಒಳಗಿಡಿ ಎಂದು ಹೇಳುತ್ತಿದ್ದವರು ನಡುವೆಯೇ ಮಾತು ನಿಲ್ಲಿಸಿ, ಆ ಐದು ತೂತುಗಳನ್ನು ನೋಡುತ್ತಾ ಕುಕ್ಕರುಗಾಲಲ್ಲೇ ಕುಳಿತುಬಿಟ್ಟರು. ನಾನು ಕೈ ಹಿಡಿದು ಎಬ್ಬಿಸಬೇಕಾಯಿತು.

ಮರುದಿನ ಬೆಳಿಗ್ಗೆ ಅವರದೇ ಫೋನು. "ಏಣಿ ಹಿಡಿಯೋಕೆ ಬಾ."

ಟೆಸ್‌ಳನ್ನು ಕರೆದುಕೊಂಡು ಹೋದರೆ, ಒಲೆಯ ಮುಂದೆ ಏಣಿ, ಮೇಜಿನ ಮೇಲೆ ಹಳೆಯ ಪತ್ರಿಕೆ, ಬಣ್ಣ ಕೆರೆಯುವ ಉಳಿ, ಕರಗಿಸುವ ಎಣ್ಣೆ, ಹಲ್ಲುಜ್ಜುವ ಬ್ರಷ್ಷು. ಅಚ್ಚನ್ನು ಇಬ್ಬರೂ ಸೇರಿ ಇಳಿಸಿದೆವು. ಎಳೆಗೂಸಿನಷ್ಟು ಭಾರವಿತ್ತು.

"ನಮ್ಮಪ್ಪ ಒಂದು ಮಾತು ಹೇಳ್ತಿದ್ದ," ಎಂದರು. "ಅಚ್ಚು ಎತ್ತಿದಾಗ ಮುಂದ್ಗಡೆ ನಮ್ಮೋರ ಬೂಟಿನ ಮೊಳೆ ಗುರುತೆಲ್ಲ ಮುಳ್ಳಿನ ಹಾಗೆ ಎದ್ದಿತ್ತಂತೆ. ಚಾಕು ತಗೊಂಡು ಕೊಯ್ದು ಚೊಕ್ಕ ಮಾಡಿದೆ ಅನ್ನೋನು. ಅಪ್ಪ ಎಷ್ಟು ಅಚ್ಚುಕಟ್ಟು ಅಂತ ಹೇಳೋಕೆ ನಾನು ಈ ಕತೇನ ಎಷ್ಟು ಜನಕ್ಕೆ ಹೇಳಿದೀನೋ. ನೂರು ಸಲ. ಒಂದು ಸಲಾನೂ ಹೊಳೀಲಿಲ್ಲ ನೋಡು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತೋಯ್ವೋ ಕೊಯ್ದೆಸೆದದ್ದೂ ಉಗುರಿನ ಗುರುತೇ ಆಗಿರಬಹುದು. "ಇದನ್ನ ಯಾವತ್ತೂ ಅಳೆದಿರಲಿಲ್ವಾ ನೀವು?"

"ಅಮ್ಮನ ಮುಖ ಅಳೀತಾರಾ ಯಾರಾದ್ರೂ?"

"ಹಾಗಾದ್ರೆ ಈಗ್ಲೂ ಬೇಡ ಐಲಾ. ಫಲಕ ಬಂದಾಗಿದೆ. ಇನ್ನು ಎಂಟು ದಿನ. ಬಣ್ಣದ ಕೆಳಗೆ ಏನಿದೆ ಅಂತ ಯಾರಿಗೆ ಗೊತ್ತಾಗತ್ತೆ?"

"ಆರುನೂರ ಹನ್ನೊಂದು ಜನದ ಮಾತಿಗೆ ಕೋಲು ಇಟ್ಟಿದೀನಿ. ಅವರಲ್ಲಿ ಎಷ್ಟು ಜನ ಅತ್ತುಬಿಟ್ಟಿದ್ದಾರೆ ಗೊತ್ತಾ? ನಿಮ್ಮದು ಕರಡಿ ಅಂದಿದ್ದಕ್ಕೆ? ಅವರಿಗೆಲ್ಲ ಒಂದು ಕೋಲು, ನಮ್ಮಪ್ಪನಿಗೆ ಒಂದು ಕೋಲಾ?" ಉಳಿಯನ್ನು ಕೈಗೆತ್ತಿಕೊಂಡರು. "ಬ್ರೆಡ್ ಆ ಬಟ್ಟೆ ಕೆಳಗಿದೆ, ಮಗೂಗೆ ಕೊಡು."

ನನಗೆ ಥಟ್ಟನೆ ಹೊಳೆದದ್ದು ಬೇರೆ. ಅಷ್ಟು ಹಳೆಯ ಬಣ್ಣವೆಂದರೆ ಸೀಸ ಇದ್ದೇ ಇರುತ್ತದೆ. ಟೆಸ್‌ಳನ್ನು ಬ್ರೆಡ್ಡಿನ ಸಮೇತ ಹೊರಜಗಲಿಗೆ ಎಳೆದೊಯ್ದು, ಕಿಟಕಿಗಳನ್ನೆಲ್ಲ ತೆರೆದು, ಐಲಾ ಅವರ ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿದೆ. ಬೇಡವೆನ್ನಲಿಲ್ಲ. ಕರವಸ್ತ್ರದ ಮೇಲಿಂದ ಕಣ್ಣೆರಡೇ ಕಾಣುತ್ತಿದ್ದವು.

ಬಣ್ಣ ಪದರ ಪದರವಾಗಿ ಎದ್ದಿತು. ಮೇಲೆ ಕಡುನೀಲಿ, ಕೆಳಗೆ ತಿಳಿನೀಲಿ, ಅದರ ಕೆಳಗೆ ಆಕಾಶದ್ದೇ ಇನ್ನೊಂದು ಬಣ್ಣ. ಜಗಲಿಯಿಂದ ಕಿಟಕಿಯಲ್ಲಿ ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬೆರಳುಗಳ ಮುಂದಿನ ಜಾಗ ಬಿಳಿಯಾಯಿತು. ಐಲಾ ಬ್ರಷ್ಷು ಕೆಳಗಿಟ್ಟು ಹೆಬ್ಬೆರಳಿನಿಂದ ಸವರಿದರು. ನನ್ನನ್ನು ಕರೆದು ನನ್ನ ಹೆಬ್ಬೆರಳನ್ನೂ ಅಲ್ಲಿಟ್ಟರು. ಚಾಕುವಿನಲ್ಲಿ ಕೊಯ್ದ ಐದು ಮೊಂಡು ಮೊಟಕುಗಳು. ಕಮಾನಿನಂತೆ. ಪಾದದ ನಡುವೆ, ಬಣ್ಣ ತುಂಬಿ ಮುಚ್ಚಿಹೋಗಿದ್ದ ಒಂದು ಮಡಿಕೆ.

ಕೋಲು ಇಟ್ಟು ಅಳೆದರು. ಮೊದಲ ಕಾರ್ಡನ್ನು ತೆಗೆದು ಬರೆದರು. ಬರೆದು ಮುಗಿದ ಮೇಲೂ ಪೆನ್ನು ಕೆಳಗಿಡಲಿಲ್ಲ.

"ಕರಡಿ," ಎಂದರು. ಕಾಫಿ ಆರಿತ್ತು, ಅದನ್ನೇ ಕುಡಿದರು. ನಾನು ನೀಲಿ ಪುಡಿಯನ್ನು ಪತ್ರಿಕೆಯಲ್ಲಿ ಸುತ್ತುತ್ತಿದ್ದೆ.

"ತಾಳು," ಎಂದರು ಒಮ್ಮೆಲೇ. "ನೀನೇ ಹೇಳು. ಊರೋರು ಈ ಕಾರ್ಡನ್ನ ಯಾವ ಡಬ್ಬಿಗೆ ಹಾಕಿದ್ರು?"

"ಕುಚೋದ್ಯಕ್ಕೆ."

"ಮರದ ಪಾದ ಕೆತ್ತೋ ಮನುಷ್ಯ ಉಗುರು ಯಾಕೆ ಕೆತ್ತಾನೆ? ಕೆತ್ತಿದ ಮೇಲೆ ಅದನ್ನೇ ಕೊಯ್ದು ಯಾಕೆ ಎಸೀತಾನೆ?" ಎದ್ದು ನಿಂತಿದ್ದರು. "ಇದು ಜೀವ ಇರೋ ಕಾಲು ಕಣೇ. ನಡ್ಕೊಂಡು ಹೋಗಿದೆ. ನಮ್ಮಪ್ಪ ಏನು ಹೇಳಿದ್ದ? ಏನೋ ನಡ್ಕೊಂಡು ಹೋಗಿತ್ತು, ನಾನು ಮಾಡಿದ್ದಲ್ಲ ಅಂತ. ಅಷ್ಟೇ ಅಲ್ವಾ ಹೇಳಿದ್ದು? ಸ್ಯಾಸ್ಕ್ವಾಚ್ ಅಂತ ಹೆಸರಿಟ್ಟಿದ್ದು ನಾವು."

ಸಮಿತಿಯವರಿಗೆ ಅದೇ ಸಂಜೆ ತಿಳಿಸಿದರು. ಅವರಿಗೆ ಗಾಬರಿ. ಬೇಸಿಗೆಯಲ್ಲಿ ಬರುವ ಪ್ರವಾಸಿಗರಿಗೆ ಕರಡಿ ಪಾದ ತೋರಿಸಲು ಆಗುತ್ತದೆಯೇ, ಇನ್ನೊಂದು ಕೈ ಬಣ್ಣ ಬಳಿದುಬಿಡಿ ಎಂದು ನಯವಾಗಿ ಹೇಳಿ ನೋಡಿದರು. ಐಲಾ ಹಬ್ಬದ ದಿನ ಹಿತ್ತಾಳೆ ಫಲಕವನ್ನು ತಾವೇ ತಿರುಪು ಬಿಚ್ಚಿ ತೆಗೆದು, ಬೋಳು ಅಚ್ಚನ್ನು ಮೇಜಿನ ಮೇಲಿಟ್ಟು, ಊರಿನವರ ಮುಂದೆ ನಿಂತರು. ಐದು ನಿಮಿಷದಲ್ಲಿ ಎಲ್ಲ ಹೇಳಿದರು. ತಂದೆಯ ತಪ್ಪನ್ನೂ, ತಮ್ಮ ತಪ್ಪನ್ನೂ.

ಮುಂದಿನ ಸಾಲಿನಲ್ಲಿ ಓರ್ವಿಲ್ ಕುಳಿತಿದ್ದ. ಈಗ ಎಂಬತ್ತೆಂಟು. ಬಾಯಿ ಮಾತ್ರ ಇಪ್ಪತ್ತೆರಡರಲ್ಲೇ ನಿಂತಿದೆ.

"ಅಂದ್ರೆ ತೋಯ್ವೋನ ಮಗಳೇ, ಅರವತ್ತಾರು ವರ್ಷ ಕರಡಿ ಪಾದಪೂಜೆ ಮಾಡಿದ್ರಿ ಅನ್ನು!"

ಭವನವೆಲ್ಲ ನಕ್ಕಿತು. ಐಲಾ ನಗು ನಿಲ್ಲುವವರೆಗೂ ಕಾದರು.

"ಮಾಡಿದ್ವಿ ಓರ್ವಿಲ್. ಬಣ್ಣಾನೂ ಬಳಿದ್ವಿ. ಈಗ ನೀವು ಬಂದು ಇಲ್ಲಿ ಕೈ ಇಡಿ."

"ನಾನ್ಯಾಕೆ?"

"ಕೆತ್ತಿದ್ದು ಅಂದೋರು ನೀವು. ಕೆತ್ತಿದ ಗುರುತು ತೋರ್ಸಿ."

ಕೋಲೂರಿಕೊಂಡು ಬಂದ. ನಗುತ್ತಲೇ ಹೆಬ್ಬೆರಳಿಟ್ಟ. ಒಂದು, ಎರಡು, ಮೂರು. ಐದನೆಯದಕ್ಕೆ ಬರುವಾಗ ನಗು ಇರಲಿಲ್ಲ. ತಲೆಯ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಈ ತೂತು ನಾನೂ ನೋಡಿದ್ದೆ," ಎಂದ, ನಮಗಲ್ಲ, ಅಚ್ಚಿಗೆ. "ಆ ಕೆಸರಲ್ಲಿ. ನಾನೂ ಬೂಟಿನ ಮೊಳೆ ಅಂತಲೇ ಅಂದ್ಕೊಂಡೆ." ಆಮೇಲೆ ಜನರ ಕಡೆಗೆ ತಿರುಗಿ, ಮೈಕ್ ಇಲ್ಲದಿದ್ದರೂ ಹೊರಗಿನವರಿಗೂ ಕೇಳುವಂತೆ, "ತೋಯ್ವೋ ಕೆತ್ತಿದ್ದಲ್ಲ ಇದು!" ಎಂದ.

ಗಾಜಿನ ಪೆಟ್ಟಿಗೆಯಲ್ಲಿ ಈಗ ಬಿಳಿಯ ಅಚ್ಚೇ ಇದೆ. ಹೊಸ ಫಲಕದಲ್ಲಿ ಐಲಾ ಬರೆಸಿದ್ದು: ಕರಡಿಯ ಹೆಜ್ಜೆ, 1958. ಕಂಡವರು ತೋಯ್ವೋ ಕೊಸ್ಕೆಲಾ. ಕಂಡದ್ದನ್ನೇ ಹೇಳಿದರು.

ಡಬ್ಬಿಯಲ್ಲಿ ಉಳಿದದ್ದು ನಲವತ್ತೆರಡು. ಇಷ್ಟಕ್ಕೇ ಐಲಾ ಕೈಬಿಡುತ್ತಾರೆಂದು ನಾನು ಭಾವಿಸಿದ್ದೆ. ಹಬ್ಬ ಕಳೆದ ಮೂರನೆಯ ದಿನ ನಾನು ಅವರ ಅಡುಗೆಮನೆಯಲ್ಲಿ, ನಮ್ಮ ಮರದ ಕೊನೆಯ ಸೇಬುಗಳ ಸಿಪ್ಪೆ ತೆಗೆಯುತ್ತಾ ಕರಡಿ ಮತ್ತೆ ಬಂದರೆ ಏನು ಗತಿ ಎಂದು ಕೊರೆಯುತ್ತಿದ್ದೆ. ಹಿಂಬಾಗಿಲು ತಟ್ಟಿದ ಸದ್ದಾಯಿತು. ಓರ್ವಿಲ್. ಕೂದಲು ಬಾಚಿಕೊಂಡು ಬಂದಿದ್ದ.

ಕಾಫಿ ಮುಟ್ಟಲಿಲ್ಲ. ಒಲೆಯ ಮೇಲಿನ ಗೋಡೆಯನ್ನು ನೋಡಿದ. ಅಲ್ಲಿ ಈಗ ಪಾದದ ಆಕಾರದ ಮಾಸದ ಜಾಗವೊಂದೇ ಇತ್ತು.

"1967," ಎಂದ. "ಮೇಲಿನ ಸೇತುವೆ ಹತ್ರ. ಹಾಡಹಗಲು. ಹೆಂಡತಿಗೂ ಹೇಳಿಲ್ಲ, ಅವಳು ಹೋಗಿ ಹತ್ತು ವರ್ಷ ಆಯ್ತು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಿಮ್ಮಪ್ಪನಿಗೆ ನಾವು ಮಾಡಿದ್ದು ನನಗೆ ಗೊತ್ತಿತ್ತಲ್ಲ." ಮೂಗೊರೆಸಿಕೊಂಡ. "ಮೊನ್ನೆ ಅನ್ನಿಸ್ತು, ಹೆತ್ತಪ್ಪನಿಗೇ ಕಳೆದೋಳು ನನಗೇನೂ ಸೇರಿಸಲ್ಲ ಅಂತ. ಅದಕ್ಕೆ ಬಂದೆ. ಒಂಬತ್ತಡಿ ಇತ್ತು ತಾಯಿ..."

"ಎತ್ತರ ಆಮೇಲೆ," ಎಂದರು ಐಲಾ, ಹೊಸ ಕಾರ್ಡು ಎಳೆದುಕೊಂಡು. "ಕಾಲಲ್ಲಿ ಏನಿತ್ತು?"

"ಮೊಳೆಬೂಟು."

"ಇದೆಯಾ ಈಗ್ಲೂ?"

"ಕೊಟ್ಟಿಗೇಲಿ ನೇತು ಹಾಕಿದೀನಿ. ಯಾಕೆ?"

"ಹೋಗಿ ತಗೊಂಡು ಬನ್ನಿ," ಎಂದು ಅವನ ಬ್ರೆಡ್ಡಿನ ತಟ್ಟೆಯ ಮೇಲೆ ಬಟ್ಟೆ ಮುಚ್ಚಿದರು. "ಮೊಳೆ ಎಣಿಸ್ಬೇಕು."